ಅಪ್‌ಡೇಟ್: ಎರಡು ಹಳ್ಳಿಗಳ ನಡುವಿನ ಬೆಟ್ಟದ ಹಾದಿಯನ್ನು ನಡೆದು ಮುಗಿಸಿದೆವು

ಎರಡು ಹಳ್ಳಿಗಳ ನಡುವಿನ 14 ಕಿಲೋಮೀಟರ್ ಉದ್ದದ, ಸುಮಾರು 900 ಮೀಟರ್ ಏರಿರುವ ನಿರ್ಜನ ಬೆಟ್ಟದ ಹಾದಿಯನ್ನು ಒಂದೇ ದಿನದಲ್ಲಿ ದಾಟಬಹುದೇ ಎಂದು ನಾನು ಹಿಂದೆ ಕೇಳಿದ್ದೆ. ಕಳೆದ ವಾರ ನಾವಿಬ್ಬರೂ ಸುರಕ್ಷಿತವಾಗಿ ದಾಟಿ ಬಂದೆವು. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ರೂಪಿಸಿದ ಸೂತ್ರವನ್ನು ನಿಮ್ಮಲ್ಲೊಬ್ಬರು ತಿಳಿಸಿದ್ದಿರಿ. ಅದರಂತೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು ಹಿಡಿದರೆ ನಾಲ್ಕೂಕಾಲು ಗಂಟೆ ಸಾಕಾಗಬೇಕಿತ್ತು. ನಮಗೆ ಏಳು ಗಂಟೆ ಹಿಡಿಯಿತು. ಆ ಲೆಕ್ಕದಲ್ಲಿ ವಿಶ್ರಾಂತಿಯಾಗಲಿ ಹದಗೆಟ್ಟ ದಾರಿಯಾಗಲಿ ಸೇರಿಲ್ಲವೆಂಬುದನ್ನು ನಾನು ಮರೆತದ್ದು ದೊಡ್ಡ ತಪ್ಪು.

ಹೆಚ್ಚು ಹೊತ್ತು ಕಳೆದದ್ದು ಒಂದು ಕವಲಿನಲ್ಲಿ. ಎಡಗಡೆಯ ದಾರಿ ಅಗಲವಾಗಿ, ಹಸಿ ಮಣ್ಣಿನಲ್ಲಿ ಗೊರಸಿನ ಗುರುತುಗಳಿಂದ ತುಂಬಿತ್ತು. ಅದನ್ನೇ ಹಿಡಿದು ನಡೆದ ನಾವು, ಅದು ದನಗಳು ನೀರಿಗಿಳಿಯುವ ಜಾಡು ಎಂದು ಹಳ್ಳದ ಅಂಚಿನಲ್ಲಿ ಅರಿತುಕೊಂಡೆವು. ನಿಜವಾದ ಹಾದಿಯ ಗುರುತೆಂದರೆ ಪಾಚಿ ಕಟ್ಟಿದ, ಒಂದರ ಮೇಲೊಂದಿಟ್ಟ ಮೂರು ಕಲ್ಲುಗಳು ಮಾತ್ರ. ನೆಟ್‌ವರ್ಕ್ ಇಲ್ಲದ ಅಲ್ಲಿ, ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದ ನಕ್ಷೆ ನಮ್ಮನ್ನು ಉಳಿಸಿತು.

ಪ್ರತಿ 1000 ಮೀಟರ್ ಎತ್ತರಕ್ಕೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆಂಬ ನಿಮ್ಮ ಎಚ್ಚರಿಕೆಯಿಂದಾಗಿ ಒಯ್ದಿದ್ದ ಬೆಚ್ಚನೆಯ ಅಂಗಿ, ಬೆವರುತ್ತಾ ಹಾದಿಯ ನೆತ್ತಿ ತಲುಪಿದಾಗ ಬೀಸಿದ ಗಾಳಿಯಲ್ಲಿ ನಿಜಕ್ಕೂ ಬೇಕಾಯಿತು. ಬೆಳಗ್ಗೆ ಆರಕ್ಕೇ ಹೊರಟಿದ್ದರಿಂದ ಬೆಳಕಿರುವಾಗಲೇ ಆಚೆಯ ಹಳ್ಳಿ ಸೇರಿದೆವು.