ಹಿಂದೆ ಸರಿಯದ ಚಾಲೆಂಜರ್

ಮಿಶಿಗನ್ನಿನಲ್ಲಿ ಜುಲೈ ತಿಂಗಳ ಸಂಜೆಯ ಬೆಳಕು ಒಂಬತ್ತು ಗಂಟೆಯಾದರೂ ಹೋಗುವುದಿಲ್ಲವಾದ್ದರಿಂದ, ಊರಿನಲ್ಲಿದ್ದರೆ ಜಗಲಿಯ ಮೇಲೆ ಆಡಬೇಕಾಗಿದ್ದ ಹರಟೆಯನ್ನು ನಾವು ನಾಲ್ವರು ಪ್ರತಿ ಶನಿವಾರ ಗೌಡರ ಗ್ಯಾರೇಜಿನಲ್ಲಿ ಮಡಚುವ ಕುರ್ಚಿಗಳನ್ನು ಹಾಕಿಕೊಂಡು ಆಡುತ್ತೇವೆ. ಕಳೆದ ಶನಿವಾರ ಮಾತ್ರ ಕುರ್ಚಿ ಹಾಕುವುದಕ್ಕೆ ಜಾಗವೇ ಇರಲಿಲ್ಲ. ಗೌಡರ 1970ರ ಡಾಡ್ಜ್ ಚಾಲೆಂಜರ್ ಕಾರು ಮೂತಿಯನ್ನು ಗೋಡೆಗೆ ಆನಿಸಿಕೊಂಡು ಮುನಿದ ಎಮ್ಮೆಯಂತೆ ನಡುವೆ ನಿಂತಿತ್ತು. ಹಿಂದಕ್ಕೆ ತೆಗೆಯೋಣವೆಂದರೆ ಅದಕ್ಕೆ ರಿವರ್ಸ್ ಗೇರೇ ಬೀಳುತ್ತಿರಲಿಲ್ಲ. ಕೊನೆಗೆ 335 ಅಶ್ವಶಕ್ತಿಯ ಆ ಗಾಡಿಯನ್ನು, ಒಬ್ಬರಿಗೆ ಸಕ್ಕರೆ ಕಾಯಿಲೆ ಮತ್ತು ಇನ್ನೊಬ್ಬರಿಗೆ ಮಂಡಿ ನೋವು ಇರುವ ನಾಲ್ವರು ಕನ್ನಡಿಗರು ಸೇರಿ ಅಂಗಳಕ್ಕೆ ನೂಕಿದೆವು.

“ಮಂಡ್ಯದವರ ಗಾಡಿಯಲ್ಲವೇ, ಹಿಂದೆ ಸರಿಯುವುದು ಅದರ ಜಾಯಮಾನದಲ್ಲಿಲ್ಲ,” ಎಂದು ಗೌಡರು ಬೆವರು ಒರೆಸಿಕೊಳ್ಳುತ್ತ ಹೇಳಿದರು.

“ಮುಂದೆಯಾದರೂ ಹೋಗುತ್ತದೆಯೋ?” ಎಂದು ಭಟ್ಟರು ಕೇಳಿದರು.

“ಒಂದನೆಯ ಗೇರು, ಎರಡನೆಯ ಗೇರು ಚಿನ್ನದಂತಿವೆ. ಮೂರನೆಯದಕ್ಕೆ ಬಂದಾಗ ಎಂಜಿನ್ ಕೂಗುತ್ತದೆಯೇ ಹೊರತು ಗಾಡಿ ಓಡುವುದಿಲ್ಲ.”

ಭಟ್ಟರು ಶಿರಸಿಯ ಕಡೆಯವರು. ಡೆಟ್ರಾಯಿಟ್ಟಿನ ಕಾರು ಕಂಪನಿಯೊಂದರ ಟ್ರಾನ್ಸ್‌ಮಿಷನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರಾದ್ದರಿಂದ, ಅಷ್ಟು ಮಾತಿನಲ್ಲೇ ಅವರು ವೈದ್ಯರು ನಾಡಿ ಹಿಡಿದು ತಲೆಯಾಡಿಸುವಂತೆ ತಲೆಯಾಡಿಸಿದರು. ಈ ಕಾರಿನಲ್ಲಿರುವುದು ಕ್ರೈಸ್ಲರ್ ಕಂಪನಿಯವರು 1962ರಲ್ಲಿ ಹೊರತಂದ ಟಾರ್ಕ್‌ಫ್ಲೈಟ್ 727 ಎಂಬ ಮೂರು ಗೇರುಗಳ ಆಟೊಮ್ಯಾಟಿಕ್ ಪೆಟ್ಟಿಗೆ. ಅದರೊಳಗೆ ಎರಡು ಕ್ಲಚ್ಚುಗಳಿದ್ದು, ಹಿಂದಿನದು ಮುಂದೆ ಹೋಗುವ ಮೂರು ಗೇರುಗಳಲ್ಲೂ ಹಿಡಿದಿರುತ್ತದೆ, ಮುಂದಿನದು ಮೂರನೆಯ ಗೇರಿನಲ್ಲಿ ಮತ್ತು ರಿವರ್ಸಿನಲ್ಲಿ ಮಾತ್ರ ಹಿಡಿಯುತ್ತದೆ. ಮೂರನೆಯದೂ ರಿವರ್ಸೂ ಜೊತೆಯಾಗಿ ಹೋಗಿವೆಯೆಂದರೆ ಮುಂದಿನ ಕ್ಲಚ್ ಸುಟ್ಟಿದೆಯೆಂದೇ ಅರ್ಥ.

“ಸತ್ತವರು ಯಾರೆಂಬುದು ಗೊತ್ತಾಯಿತು,” ಎಂದರು ಭಟ್ಟರು. “ಇನ್ನು ಕೊಂದವರು ಯಾರೆಂಬುದನ್ನು ನೋಡೋಣ.”

ಹಿಂದಿನ ಭಾನುವಾರ ಗೌಡರು ಆನ್ ಆರ್ಬರಿನ ದಕ್ಷಿಣಕ್ಕಿರುವ ಮಿಲನ್ ಡ್ರ್ಯಾಗ್‌ವೇಗೆ ಹೋಗಿದ್ದರು. ಆ ಊರಿನ ಹೆಸರನ್ನು ಅಲ್ಲಿಯವರು ಮೈಲನ್ ಎಂದು ಉಚ್ಚರಿಸುತ್ತಾರೆ. ನಮ್ಮ ಗೌಡರಿಗೆ ಅದು ಇಂದಿಗೂ ಮಿಲನವೇ. ಕಾಲು ಮೈಲಿ, ಎಂದರೆ ಸುಮಾರು 402 ಮೀಟರ್ ನೇರ ರಸ್ತೆಯಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ನಿಂತು, ಕ್ರಿಸ್‌ಮಸ್ ಟ್ರೀ ಎಂದು ಕರೆಯುವ ದೀಪದ ಕಂಬ ಹಸಿರಾದೊಡನೆ ಓಡಬೇಕು. ಓಟ ಮುಗಿದ ಮೇಲೆ ಕಿಟಕಿಯೊಂದರಲ್ಲಿ ಸಮಯದ ಚೀಟಿ ಕೊಡುತ್ತಾರೆ. ಗೌಡರು ಜೇಬಿನಿಂದ ತೆಗೆದ ಮೂರು ಚೀಟಿಗಳಲ್ಲಿ ಕ್ರಮವಾಗಿ 15.1, 15.4 ಮತ್ತು 16.8 ಸೆಕೆಂಡುಗಳಿದ್ದವು. ನಾಲ್ಕನೆಯ ಓಟದ ಚೀಟಿಯನ್ನು ಅವರು ನಾಚಿಕೆಯಿಂದ ತರಲೇ ಇಲ್ಲ.

“ನೋಡಿ, ಜ್ವರದ ಚಾರ್ಟು ಕೈಯಲ್ಲೇ ಇದೆ,” ಎಂದು ಭಟ್ಟರು ಚೀಟಿಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದರು. “ಎರಡನೆಯ ಓಟದಲ್ಲಿ ಮುಕ್ಕಾಲು ಪಾಲು ಅಪರಾಧವನ್ನು ನಾವು ಗಾಳಿಯ ಮೇಲೆ ಹಾಕಬಹುದು. ಮೂರನೆಯದರಲ್ಲಿ ಸುಮಾರು ಒಂದೂವರೆ ಸೆಕೆಂಡು ಏರಿದಾಗ ಮನೆಗೆ ಬರಬೇಕಾಗಿತ್ತು. ನೀವು ಮಾಡಿದ್ದೇನು?”

“ನಾಲ್ಕನೆಯ ಓಟಕ್ಕೆ ಸಾಲಿನಲ್ಲಿ ನಿಂತೆ.”

“ಎಷ್ಟು ಹೊತ್ತು ಆರಲು ಬಿಟ್ಟಿರಿ?”

“ಆರಲಿಕ್ಕೆ ಅದೇನು ಮುದ್ದೆಯೇ, ಭಟ್ಟರೇ?”

ಈ ಪ್ರಶ್ನೆಗೆ ಉತ್ತರವನ್ನು ಮೇಷ್ಟ್ರು ಕೊಟ್ಟರು. ಮೇಷ್ಟ್ರು ಇಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವರು. ತಮ್ಮ ಹಳೆಯ ಟೊಯೋಟಾವನ್ನು ಐವತ್ತೈದು ಮೈಲಿ ವೇಗಕ್ಕಿಂತ ಹೆಚ್ಚು ಓಡಿಸಿದವರಲ್ಲ, ಆದರೆ ಡ್ರ್ಯಾಗ್ ರೇಸಿನ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ಅಭಿಪ್ರಾಯಗಳಿರುವುದು ಅವರಿಗೇ. ಅವರು ಪೆನ್ಸಿಲ್ ಕೇಳಿ ಪಡೆದು 16.8ರ ಚೀಟಿಯ ಬೆನ್ನ ಮೇಲೆಯೇ ಲೆಕ್ಕ ಹಾಕತೊಡಗಿದರು.

“ಗೌಡರೇ, ದೀಪದ ಕಂಬದ ಮುಂದೆ ನೀವು ಒಂದು ಕಾಲಿನಲ್ಲಿ ಬ್ರೇಕನ್ನೂ ಇನ್ನೊಂದರಲ್ಲಿ ಆಕ್ಸಿಲರೇಟರನ್ನೂ ತುಳಿದುಕೊಂಡು ನಿಲ್ಲುತ್ತೀರಲ್ಲವೇ? ಎಂಜಿನ್ ತಿರುಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಹಾಗಿದ್ದ ಮೇಲೆ ಎಂಜಿನ್ನಿನ ಶಕ್ತಿಯೆಲ್ಲ ಎಲ್ಲಿಗೆ ಹೋಯಿತು? ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗಿನ ಎಣ್ಣೆಗೆ ಹೋಯಿತು. ಸುಮಾರು ನೂರು ಕಿಲೋವ್ಯಾಟ್ ಎಂದಿಟ್ಟುಕೊಳ್ಳಿ. ನಿಮ್ಮ ಮಂಡ್ಯದ ಮನೆಯ ಬಚ್ಚಲಿನಲ್ಲಿರುವ ಗೀಸರು ಎರಡು ಕಿಲೋವ್ಯಾಟಿನದು. ಅಂತಹ ಐವತ್ತು ಗೀಸರುಗಳನ್ನು ಕೆಲವೇ ಲೀಟರ್ ಎಣ್ಣೆಯೊಳಗೆ ಮುಳುಗಿಸಿ ಸ್ವಿಚ್ ಒತ್ತಿದಂತೆ.”

ಗೌಡರು ಮೊದಲ ಬಾರಿಗೆ ಗಂಭೀರರಾದರು. ಐವತ್ತು ಗೀಸರಿನ ಕರೆಂಟು ಬಿಲ್ಲಿನ ಚಿತ್ರ ಅವರ ಕಣ್ಣ ಮುಂದೆ ಬಂದಿರಬೇಕು.

ಮೇಷ್ಟ್ರ ಲೆಕ್ಕಕ್ಕೆ ಭಟ್ಟರು ಒಪ್ಪಿಗೆಯ ಮುದ್ರೆ ಒತ್ತಿದರು. ವರ್ಕ್‌ಶಾಪಿನ ಕೈಪಿಡಿಗಳಲ್ಲಿ ಹೀಗೆ ತಡೆದು ನಿಲ್ಲಿಸಿ ಮಾಡುವ ಪರೀಕ್ಷೆಯನ್ನು ಐದು ಸೆಕೆಂಡಿಗಿಂತ ಹೆಚ್ಚು ಮಾಡಕೂಡದೆಂದೇ ಬರೆದಿರುತ್ತದೆ. ಕಂಬದಲ್ಲಿ ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿನ ಅಂತರದಲ್ಲಿ ಹೊತ್ತಿ ಹಸಿರು ಬರುವುದರಿಂದ, ಮೇಲಿನ ಎರಡು ಸಾಲಿನ ಚಿಕ್ಕ ದೀಪಗಳು ಹೊತ್ತಿ ಗಾಡಿ ಗೆರೆಯ ಮೇಲೆ ಸರಿಯಾಗಿ ನಿಂತಿದೆಯೆಂದು ಖಾತ್ರಿಯಾದ ಮೇಲೆ ಕಾಲು ಒತ್ತಿದರೆ ಸಾಕು. ಪಕ್ಕದ ಗಾಡಿಯವನು ಇನ್ನೂ ಗೆರೆಗೆ ಬರುತ್ತಲೇ ಇರುವಾಗ ನಮ್ಮ ಎಂಜಿನ್ನನ್ನು ಕೂಗಿಸುವುದರಿಂದ ಅವನು ಹೆದರುವುದಿಲ್ಲ. ನಮ್ಮ ಎಣ್ಣೆ ಮಾತ್ರ ಕುದಿಯುತ್ತದೆ. ಆ ಎಣ್ಣೆ 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿದ್ದರೆ ವರ್ಷಗಟ್ಟಲೆ ಬಾಳುತ್ತದೆ, 115 ದಾಟಿದರೆ ವಾರ್ನಿಶ್ಶಿನಂತೆ ಅಂಟತೊಡಗುತ್ತದೆ. ರೇಡಿಯೇಟರಿನೊಳಗೆ ಕಂಪನಿಯವರು ಇಟ್ಟಿರುವ ತಂಪುಕೊಳವೆ ಪೇಟೆಯ ಓಡಾಟಕ್ಕೆ ಸಾಕಾಗಬಹುದು. ರೇಸಿಗೆ ಹೋಗುವವರು ಮುಂಭಾಗದಲ್ಲಿ ಬೇರೊಂದು ಆಯಿಲ್ ಕೂಲರನ್ನು ಕೂರಿಸಿ, ಎರಡು ಓಟಗಳ ನಡುವೆ ಬಾನೆಟ್ ತೆರೆದಿಟ್ಟು ಅರ್ಧ ಗಂಟೆಯಾದರೂ ಗಾಡಿಯನ್ನು ಸುಮ್ಮನೆ ಬಿಡಬೇಕು.

“ಎಣ್ಣೆ ಎಷ್ಟಿದೆಯೆಂದು ನೋಡಿದಿರಾ?” ಎಂದು ನಾನು ಕೇಳಿದೆ. ನನ್ನ ಕಸುಬು ಸಾಫ್ಟ್‌ವೇರಾದ್ದರಿಂದ ನನಗೆ ಗೊತ್ತಿರುವ ಒಂದೇ ಪ್ರಶ್ನೆ ಅದು.

“ಬೆಳಿಗ್ಗೆ ಎದ್ದೊಡನೆ ನೋಡಿಯೇ ಹೊರಟೆ. ಫುಲ್ ಗೆರೆಗಿಂತ ಮೇಲೆಯೇ ಇತ್ತು.”

“ಎಂಜಿನ್ ಆರಿಸಿ ನೋಡಿದಿರಿ,” ಎಂದರು ಭಟ್ಟರು. ಅದು ಪ್ರಶ್ನೆಯಾಗಿರಲಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಕನ್ವರ್ಟರಿನ ಎಣ್ಣೆ ಕೆಳಗಿನ ತಟ್ಟೆಗೆ ಇಳಿದಿರುತ್ತದೆ. ಆಗ ಕಡ್ಡಿ ಅದ್ದಿದರೆ ಅದು ಇಲ್ಲದ ಸಿರಿವಂತಿಕೆಯನ್ನು ತೋರಿಸುತ್ತದೆ. ಈ ಗೇರ್‌ಬಾಕ್ಸಿನಲ್ಲಿ ಎಣ್ಣೆ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ನೋಡಬೇಕು. ಎಣ್ಣೆ ಕಡಿಮೆಯಿದ್ದರೆ, ಗಾಡಿ ಜಿಗಿದಾಗ ಇದ್ದ ಎಣ್ಣೆಯೂ ತಟ್ಟೆಯ ಹಿಂಭಾಗಕ್ಕೆ ಓಡಿ, ಪಂಪು ಗಾಳಿಯನ್ನು ಕುಡಿಯುತ್ತದೆ.

ಭಟ್ಟರು ಡಿಪ್‌ಸ್ಟಿಕ್ಕನ್ನು ಎಳೆದು ನನ್ನ ಮೂಗಿನ ಬಳಿಗೆ ತಂದರು. ದಾಳಿಂಬೆ ರಸದ ಬಣ್ಣದಲ್ಲಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನಂತಿತ್ತು. ವಾಸನೆಯಂತೂ ಒಗ್ಗರಣೆಗೆ ಎಣ್ಣೆಯಿಟ್ಟು ಫೋನಿನಲ್ಲಿ ಮಾತಾಡುತ್ತ ಮರೆತುಬಿಟ್ಟ ಮನೆಯ ವಾಸನೆ. ಕೆಳಗಿನ ತಟ್ಟೆಯನ್ನು ಬಿಚ್ಚಿದಾಗ ತಳದಲ್ಲಿ ಕ್ಲಚ್ ಪ್ಲೇಟಿನ ಕಪ್ಪು ಹುಡಿ ಬೆರಳಿಗೆ ಕಾಡಿಗೆಯಂತೆ ಅಂಟಿತು. ಭಟ್ಟರು ಅದನ್ನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ, ಲೋಹದ ಮಿನುಗು ಕಾಣದಿದ್ದುದಕ್ಕೆ ಸಮಾಧಾನಪಟ್ಟರು. ಪ್ಲೇಟುಗಳು ಸವೆದಿವೆ, ಗಟ್ಟಿ ಭಾಗಗಳು ಉಳಿದಿವೆ ಎಂಬುದು ಅವರ ತೀರ್ಪು.

“ಬರ್ನೌಟ್ ಮಾಡಿದಿರೋ?” ಎಂಬುದು ಮುಂದಿನ ವಿಚಾರಣೆ. ಓಟಕ್ಕೆ ಮುಂಚೆ ಟೈರುಗಳನ್ನು ನಿಂತಲ್ಲೇ ತಿರುಗಿಸಿ ಬಿಸಿ ಮಾಡುವುದಕ್ಕೆ ಹಾಗೆನ್ನುತ್ತಾರೆ.

ಗೌಡರ ಮುಖ ಅರಳಿತು. “ಮಾಡದೆ ಬಿಡುತ್ತೇನೆಯೇ! ನೀರಿನ ಮೇಲೆ ನಿಲ್ಲಿಸಿ, ಒಂದನೆಯ ಗೇರಿನಲ್ಲೇ ಎಂಜಿನ್ ಚೀರುವಷ್ಟು ತಿರುಗಿಸಿ, ಟೈರಿನ ಹೊಗೆಯಲ್ಲಿ ನಾನೇ ಕಾಣದಂತೆ ಮಾಡಿಬಿಟ್ಟೆ. ಗ್ಯಾಲರಿಯಲ್ಲಿದ್ದವರೆಲ್ಲ ಎದ್ದುನಿಂತರು.”

ಭಟ್ಟರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿ ಕುಳಿತರು. “ಅವರು ಮೆಚ್ಚಿ ನಿಂತರೋ, ಓಡಲು ನಿಂತರೋ ವಿಚಾರಿಸಬೇಕು,” ಎಂದು ಆರಂಭಿಸಿ ಅವರು ವಿವರಿಸಿದ ಸಂಗತಿ ನಿಜಕ್ಕೂ ನಮ್ಮ ನಗೆಯನ್ನು ನಿಲ್ಲಿಸಿತು. ಈ 727ರಲ್ಲಿ ಡ್ರೈವ್ ಸ್ಥಾನದಿಂದ ಹೊರಟಾಗ ಒಂದನೆಯ ಗೇರನ್ನು ಹಿಡಿದಿಟ್ಟುಕೊಳ್ಳುವುದು ಒಂದೇ ದಿಕ್ಕಿಗೆ ತಿರುಗಲು ಬಿಡುವ ರೋಲರ್ ಕ್ಲಚ್. ಒದ್ದೆ ನೆಲದಲ್ಲಿ ಹುಚ್ಚಾಗಿ ತಿರುಗುತ್ತಿರುವ ಟೈರು ಒಣ ನೆಲವನ್ನು ಥಟ್ಟನೆ ಕಚ್ಚಿದಾಗ ಬೀಳುವ ಪೆಟ್ಟಿಗೆ ಅದು ಮುರಿದರೆ, ಮುಂದಿನ ಕ್ಲಚ್ಚಿನ ಡ್ರಮ್ಮು ಎಂಜಿನ್ನಿನ ಎರಡು ಪಟ್ಟಿಗೂ ಹೆಚ್ಚಿನ ವೇಗದಲ್ಲಿ ತಿರುಗಿ ಸಿಡಿಯುತ್ತದೆ. ಅದರ ಮೇಲಿರುವುದು ಅಲ್ಯೂಮಿನಿಯಮ್ ಕವಚ, ಕವಚದ ಮೇಲಿರುವುದು ಓಡಿಸುವವನ ಕಾಲು. ಆದ್ದರಿಂದಲೇ ಬಲ್ಲವರು ಬರ್ನೌಟನ್ನು ಒಂದನೆಯ ಗೇರಿನಲ್ಲಿ ಎಳೆದಾಡದೆ ಬೇಗನೆ ಮೇಲಿನ ಗೇರಿಗೆ ಹೋಗಿ, ಗಾಡಿ ಒಣ ನೆಲಕ್ಕೆ ಉರುಳುತ್ತಿರುವಾಗಲೇ ಕಾಲನ್ನು ಮೆಲ್ಲಗೆ ಸಡಿಲಿಸುತ್ತಾರೆ. ಪೆಟ್ಟಿಗೆಯ ಸುತ್ತ ಗಟ್ಟಿಯಾದ ರಕ್ಷಾಕವಚವನ್ನೂ ಕಟ್ಟಿಸಿರುತ್ತಾರೆ.

“ಅದಿರಲಿ, ನಿಮ್ಮದು ರೇಸಿನ ಟೈರೇ?”

“ಅಲ್ಲ, ಅಂಗಡಿಗೆ ಹಾಲು ತರಲು ಹೋಗುವ ಟೈರು.”

“ಹಾಗಾದರೆ ನಿಮಗೆ ನೀರಿನ ಸಹವಾಸವೇ ಬೇಕಾಗಿರಲಿಲ್ಲ. ರಸ್ತೆಯ ಟೈರಿನ ಗೀರುಗಳಲ್ಲಿ ನೀರು ತುಂಬಿಕೊಂಡು ಹೊರಡುವ ಗೆರೆಯವರೆಗೂ ಸೋರುತ್ತದೆ. ಬಳಸಿಕೊಂಡು ಹೋಗಿ, ಒಣ ನೆಲದಲ್ಲಿ ಒಮ್ಮೆ ಉಜ್ಜಿದರೆ ಆಯಿತು.”

ಮೇಷ್ಟ್ರಿಗೆ ಈಗ ಹೊಸ ಉಪಾಯ ಹೊಳೆಯಿತು. ನ್ಯೂಟ್ರಲ್ಲಿನಲ್ಲಿಟ್ಟು ಎಂಜಿನ್ನನ್ನು ನಾಲ್ಕು ಸಾವಿರ ಸುತ್ತಿಗೆ ಏರಿಸಿ, ಹಸಿರು ದೀಪ ಬಂದೊಡನೆ ಡ್ರೈವಿಗೆ ಎಳೆದುಬಿಟ್ಟರೆ ಕನ್ವರ್ಟರ್ ಬಿಸಿಯಾಗುವ ಪ್ರಶ್ನೆಯೇ ಬರುವುದಿಲ್ಲವಲ್ಲ ಎಂದು ಅವರು ತಮ್ಮ ಟೊಯೋಟಾದ ಅನುಭವದ ಬಲದಿಂದ ಕೇಳಿದರು. ಭಟ್ಟರು ಉತ್ತರ ಕೊಡಲಿಲ್ಲ. ಎದ್ದು ಹೋಗಿ, ಓಡುತ್ತಿದ್ದ ಟೇಬಲ್ ಫ್ಯಾನಿನ ಜಾಲರಿಯತ್ತ ಮೇಷ್ಟ್ರ ಕೈಯಲ್ಲಿದ್ದ ಪೆನ್ಸಿಲನ್ನೇ ಕಿತ್ತುಕೊಂಡು ತೂರಿಸಿದರು. ಪೆನ್ಸಿಲಿನ ಎರಡು ತುಂಡುಗಳಲ್ಲಿ ಒಂದು ಬಜ್ಜಿಯ ತಟ್ಟೆಯಲ್ಲಿ ಸಿಕ್ಕಿತು, ಇನ್ನೊಂದು ಇಂದಿನವರೆಗೂ ಸಿಕ್ಕಿಲ್ಲ.

“ಆದರೂ ಲೆಕ್ಕ ಕೂಡುತ್ತಿಲ್ಲ,” ಎಂದು ಭಟ್ಟರು ಮತ್ತೆ ಕುಳಿತರು. “ಬರ್ನೌಟಿನಿಂದ ರೋಲರು ಮುರಿಯಬಹುದಿತ್ತು, ಮುರಿದಿಲ್ಲ. ಬಿಸಿಯಿಂದ ಎರಡು ಕ್ಲಚ್ಚುಗಳೂ ಹೋಗಬೇಕಿತ್ತು, ಒಂದೇ ಹೋಗಿದೆ. ಎರಡರಿಂದ ಮೂರಕ್ಕೆ ಬದಲಾಗುವಾಗ ಮುಂದಿನ ಕ್ಲಚ್ ಗಟ್ಟಿಯಾಗಿ ಹಿಡಿಯಲು ಎಣ್ಣೆಯ ಒತ್ತಡ ಸಾಲದೆ, ಪ್ಲೇಟುಗಳು ಜಾರಿ ಜಾರಿ ಸುಟ್ಟಿವೆ. ಒತ್ತಡ ಯಾಕೆ ಸಾಲಲಿಲ್ಲ? ಗೌಡರೇ, ಈಚೆಗೆ ಏನನ್ನಾದರೂ ಬದಲಾಯಿಸಿದಿರೋ?”

“ಗೇರ್‌ಬಾಕ್ಸನ್ನು ಮುಟ್ಟಿಲ್ಲ. ಹೊಸ ಕಾರ್ಬುರೇಟರ್ ಹಾಕಿಸಿದೆ, ಅಷ್ಟೇ.”

ಭಟ್ಟರು ಬಾನೆಟ್ಟಿನ ಕೆಳಗೆ ಟಾರ್ಚು ಬಿಟ್ಟರು. ಕಾರ್ಬುರೇಟರಿನಿಂದ ಗೇರ್‌ಬಾಕ್ಸಿನ ಪಕ್ಕದ ಸನ್ನೆಗೆ ಹೋಗಬೇಕಾದ ಕಬ್ಬಿಣದ ಕಡ್ಡಿಗಳ ಸಾಲಿನಲ್ಲಿ ಉದ್ದನೆಯ ಕಡ್ಡಿಯೊಂದು ಇರಲೇ ಇಲ್ಲ.

ಹಲ್ಲು ಬಿದ್ದ ಬಾಯಿಯನ್ನು ನೋಡುವಂತೆ ಅವರು ಆ ಖಾಲಿ ಜಾಗವನ್ನೇ ನೋಡುತ್ತ ನಿಂತರು. ಓಡಿಸುವವನು ಕಾಲನ್ನು ಎಷ್ಟು ಒತ್ತಿದ್ದಾನೆಂಬ ಸುದ್ದಿಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವುದು ಆ ಕಡ್ಡಿಯೇ. ಕಾಲು ಪೂರ್ತಿ ಒತ್ತಿದಾಗ ಕೆಳಗಿನ ಸನ್ನೆ ಪೂರ್ತಿ ಹಿಂದಕ್ಕೆ ಹೋಗಬೇಕು. ಆಗ ಮಾತ್ರ ಒಳಗಿನ ಎಣ್ಣೆಯ ಒತ್ತಡ ಏರಿ ಕ್ಲಚ್ಚು ಬಿಗಿಯಾಗಿ ಹಿಡಿಯುತ್ತದೆ. ಕಡ್ಡಿಯಿಲ್ಲದ ಗೇರ್‌ಬಾಕ್ಸಿನ ಪಾಲಿಗೆ ಗೌಡರು ರೇಸಿನಲ್ಲಿಲ್ಲ, ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುತ್ತಿದ್ದಾರೆ. ಮೇಲೆ ಎಂಜಿನ್ ಸರ್ವಶಕ್ತಿಯಿಂದ ತಳ್ಳುತ್ತಿರುವಾಗ ಕೆಳಗೆ ಕ್ಲಚ್ಚು ಹೊಸ ಅಳಿಯನ ಕೈ ಕುಲುಕುವಷ್ಟು ಮೆತ್ತಗೆ ಹಿಡಿದಿರುತ್ತದೆ.

“ಹೊಸ ಕಾರ್ಬುರೇಟರಿಗೆ ಅದು ಕೂಡಲಿಲ್ಲ,” ಎಂದರು ಗೌಡರು, ಧ್ವನಿ ತಗ್ಗಿಸಿ. “ರೇಸಿನವರು ಅದನ್ನು ತೆಗೆದೇ ಹಾಕುತ್ತಾರೆಂದು ಕೇಳಿದ್ದೆ.”

“ತೆಗೆಯುತ್ತಾರೆ. ಒತ್ತಡ ಯಾವಾಗಲೂ ಪೂರ್ತಿಯಾಗಿರುವಂತೆ ಒಳಗೆ ಎಣ್ಣೆಯನ್ನು ಹಂಚುವ ವಾಲ್ವ್ ಬಾಡಿಯನ್ನೇ ಬದಲಾಯಿಸಿ, ಪ್ರತಿ ಗೇರನ್ನೂ ಕೈಯಿಂದಲೇ ಹಾಕಿಕೊಳ್ಳುವವರು ತೆಗೆಯುತ್ತಾರೆ. ನೀವು ಆ ಮಾತಿನ ಉತ್ತರಾರ್ಧವನ್ನು ಮಾತ್ರ ಕೇಳಿಸಿಕೊಂಡು ಬಂದಿದ್ದೀರಿ. ಈಗ ಆ ಕಡ್ಡಿ ಎಲ್ಲಿದೆ? ಐವತ್ತು ವರ್ಷದ ಹಿಂದಿನ ಅಸಲಿ ಮಾಲು, ಹೊಸ ಕಾರ್ಬುರೇಟರಿಗೆ ಒಂದು ಚಿಕ್ಕ ಅಡಾಪ್ಟರ್ ತರಿಸಿದರೆ ಮತ್ತೆ ಕೂರಿಸಬಹುದು.”

ಗೌಡರು ಗೋಡೆಯ ಮೊಳೆಯನ್ನು ತೋರಿಸಿದರು. ಮೊಳೆಯಲ್ಲಿ ಬೆಂಗಳೂರಿನ ಬಟ್ಟೆಯಂಗಡಿಯ ಕ್ಯಾಲೆಂಡರು ಮಾತ್ರ ತೂಗುತ್ತಿತ್ತು. ನಾಲ್ವರೂ ಸ್ಪ್ಯಾನರಿನ ಡಬ್ಬಗಳನ್ನೂ, ಹಿಮ ಗುಡಿಸುವ ಸಲಿಕೆಗಳ ಹಿಂಭಾಗವನ್ನೂ, ಮೇಷ್ಟ್ರ ಸಲಹೆಯಂತೆ ಫ್ರೀಜರಿನ ಒಳಗನ್ನೂ ಹುಡುಕುತ್ತಿರುವಾಗ, ನಾವೆಲ್ಲ ಅಕ್ಕನೆಂದು ಕರೆಯುವ ಗೌಡರ ಮನೆಯವರು ಎರಡನೆಯ ಸುತ್ತಿನ ಮೆಣಸಿನಕಾಯಿ ಬಜ್ಜಿಯೊಡನೆ ಬಂದರು.

“ಏನು ಹುಡುಕುತ್ತಿದ್ದೀರಿ?”

“ಇಲ್ಲಿ ಒಂದು ಕಬ್ಬಿಣದ ಕಡ್ಡಿಯಿತ್ತಲ್ಲ, ಮೊಳದುದ್ದದ್ದು, ತುದಿ ಬಾಗಿರುವುದು.”

“ಅದೇ? ಬೇಡದ ಸಾಮಾನೆಂದು ನೀವೇ ಹೇಳಿದಿರಿ. ಟೊಮೆಟೊ ಗಿಡ ವಾಲುತ್ತಿತ್ತು, ಊರುಗೋಲು ಕೊಟ್ಟಿದ್ದೇನೆ.”

ಭಟ್ಟರು ಟಾರ್ಚು ಹಿಡಿದು ಆಗಲೇ ಹಿತ್ತಿಲಿನತ್ತ ಹೆಜ್ಜೆ ಹಾಕಿದ್ದರು. ಅಕ್ಕ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು, ಬಾಗಿಲಿಗೆ ಅಡ್ಡ ನಿಂತರು.

“ಆ ಗಿಡದಲ್ಲಿ ಹನ್ನೊಂದು ಕಾಯಿಗಳಿವೆ. ಹಣ್ಣಾಗುವವರೆಗೂ ಯಾರೂ ಆ ಕಡ್ಡಿಯನ್ನು ಮುಟ್ಟಕೂಡದು.”

ಭಟ್ಟರು ಮೂವತ್ತು ವರ್ಷದ ಅನುಭವವನ್ನೆಲ್ಲ ಒಗ್ಗೂಡಿಸಿಕೊಂಡು ಒಂದು ಕ್ಷಣ ಯೋಚಿಸಿದರು. ಗೇರ್‌ಬಾಕ್ಸನ್ನು ಇಳಿಸಿ, ಕ್ಲಚ್ ಪ್ಲೇಟುಗಳನ್ನು ತರಿಸಿ, ಕನ್ವರ್ಟರನ್ನು ತೊಳೆದು, ಕೂಲರಿನ ಕೊಳವೆಗಳಲ್ಲಿ ನಿಂತಿರುವ ಕಪ್ಪು ಹುಡಿಯನ್ನೆಲ್ಲ ಹೊರಹಾಕಿ ಮತ್ತೆ ಏರಿಸುವುದಕ್ಕೆ ಹೇಗಿದ್ದರೂ ಮೂರು ವಾರ ಬೇಕು.

“ಅಕ್ಕಾ,” ಎಂದು ಅವರು ವಿನಯದಿಂದ ಕೇಳಿದರು, “ಕಾಯಿಗಳು ಈಗ ಯಾವ ಬಣ್ಣಕ್ಕೆ ಬಂದಿವೆ?”