ಭಾವ, ಹಳೇ ಬೇರಿಂಗ್ ಮಾತ್ರ ಎಸೆಯಬೇಡಿ

ಭಾವ, ನಿಮ್ಮ ಮೆಸೇಜ್ ಈಗ ನೋಡಿದೆ. ಕಾರಿನ ಮುಂದಿನ ಎಡ ಚಕ್ರದ ಬೇರಿಂಗ್ (ಚಕ್ರ ಸಲೀಸಾಗಿ ತಿರುಗೋಕೆ ಒಳಗಿರುವ ಉಕ್ಕಿನ ಗುಂಡುಗಳ ಬಳೆ) ಒಂದೂವರೆ ವರ್ಷದಲ್ಲಿ ಮೂರನೇ ಸಲ ಕೂಗುತ್ತಿದೆ, ಈ ಸಲ ಯಾವ ಕಂಪನಿಯದು ಹಾಕಿಸಲಿ ಅಂತ ಕೇಳಿದ್ದೀರಿ. ಟೈಪ್ ಮಾಡೋಕೆ ಕೂತರೆ ಅರ್ಧಕ್ಕೇ ಬಿಡುತ್ತೇನೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಗ್ರೂಪಿನಲ್ಲಿ ಕಾರಿನ ಸುದ್ದಿ ಬೇಡದವರು ಬಿಟ್ಟು ಮುಂದೆ ಹೋಗಿ, ಬೇಜಾರಿಲ್ಲ.

ಕಂಪನಿ ವಿಷಯ ಆಮೇಲೆ. ಸರಿಯಾಗಿ ಕೂತ ವೀಲ್ ಬೇರಿಂಗ್ ಸಾಮಾನ್ಯವಾಗಿ ಲಕ್ಷ ಕಿಲೋಮೀಟರ್ ದಾಟುತ್ತದೆ. ಒಂದು ಸಲ ಬೇಗ ಹೋದರೆ ಮಾಲು ಸರಿ ಇರಲಿಲ್ಲ ಅನ್ನೋಣ. ಆದರೆ ಅದೇ ಚಕ್ರದಲ್ಲಿ ಮೂರು ಸಲ ಹೋಯಿತು, ಉಳಿದ ಮೂರು ಸುಮ್ನೆ ಇವೆ. ಅಂದ ಮೇಲೆ ಅದು ಕೂರುವ ಜಾಗದಲ್ಲಿ ಏನೋ ಇದೆ, ಇಲ್ಲ ಕೂರಿಸುವ ಕೈಯಲ್ಲಿ ಇದೆ. ನಾಲ್ಕೂ ಚಕ್ರ ಒಂದಾದ ಮೇಲೊಂದು ಹೋಗುತ್ತಿದ್ದರೆ ನೀರು, ಜಾಸ್ತಿ ಭಾರ, ಅಗಲದ ರಿಮ್ಮು ಅಂತ ಬೇರೆ ದಿಕ್ಕಿಗೆ ಹುಡುಕುತ್ತಿದ್ದೆ.

ನನಗೂ ಹೀಗೇ ಆಗಿತ್ತು, ನೆನಪಿದೆಯಾ? ಹಳೇ ಕಾರು, ಮುಂದಿನ ಬಲ ಚಕ್ರ. ಮೊದಲನೆಯದು ವಯಸ್ಸಾಗಿ ಹೋಯಿತು, ಅದಕ್ಕೆ ನನ್ನ ತಕರಾರಿಲ್ಲ. ಹೊಸದು ಹಾಕಿಸಿ ಏಳು ಸಾವಿರ ಕಿಲೋಮೀಟರಿಗೆ ಮತ್ತೆ ಅದೇ ಹೂಂ ಅನ್ನೋ ಸದ್ದು. ಅದರ ನಂತರದ್ದು ನಾಲ್ಕು ಸಾವಿರಕ್ಕೇ. ಮೆಕ್ಯಾನಿಕ್ ಪ್ರತಿ ಸಲವೂ 'ಈಗ ಬರೋ ಮಾಲೇ ಹೀಗೆ ಸಾರ್' ಅಂದ. ನಾನೂ ತಲೆಯಾಡಿಸಿ ದುಡ್ಡು ಕೊಟ್ಟು ಬಂದೆ.

ಮೂರನೆಯದನ್ನು ಮನೆಗೆ ತಂದು ಡೀಸೆಲ್‌ನಲ್ಲಿ ತೊಳೆದೆ. ಒತ್ತಿ ಕೂರಿಸುವ ಬೇರಿಂಗಿನಲ್ಲಿ ಒಳಗಿನ ರೇಸು, ಅಂದರೆ ಗುಂಡುಗಳು ಉರುಳುವ ಉಕ್ಕಿನ ಬಳೆ, ಎರಡು ತುಂಡಾಗಿರುತ್ತದೆ. ಹಬ್ (ಚಕ್ರವನ್ನು ಹಿಡಿದುಕೊಳ್ಳುವ ನಡುವಿನ ತುಂಡು) ಎಳೆದಾಗ ಒಂದು ತುಂಡು ಹೆಚ್ಚಾಗಿ ಹಬ್‌ಗೇ ಕಚ್ಚಿಕೊಂಡು ಬರುತ್ತದೆ, ಬೇರಿಂಗ್ ಬಿಚ್ಚಿಕೊಳ್ಳುತ್ತದೆ. ಗುಂಡುಗಳು ಉರುಳುವ ದಾರಿ ಆಗ ಕಣ್ಣಿಗೆ ಕಾಣುತ್ತದೆ. ಬಿಸಿಲಿಗೆ ಹಿಡಿದು ತಿರುಗಿಸಿದೆ. ಆ ದಾರಿಯ ಉದ್ದಕ್ಕೂ ಪ್ರತಿ ಗುಂಡು ಕೂತ ಕಡೆ ಒಂದೊಂದರಂತೆ, ಅಳೆದು ಇಟ್ಟ ಹಾಗೆ ಸಣ್ಣ ಸಣ್ಣ ತಗ್ಗು. ಉಗುರು ಆಡಿಸಿದರೆ ಟಕ್, ಟಕ್ ಅಂತ ಸಿಗುತ್ತಿತ್ತು. ತಗ್ಗಿನ ಅಂಚಿನಲ್ಲಿ ಉಕ್ಕು ಸಿಪ್ಪೆ ಎದ್ದಿತ್ತು. ಬಿಚ್ಚುವಾಗಲೂ ಇಂಥ ತಗ್ಗು ಬೀಳಬಹುದು, ಆದರೆ ಅವು ಹೊಸದಾಗಿ ಹೊಳೆಯುತ್ತವೆ, ಸುತ್ತ ಸಿಪ್ಪೆ ಇರುವುದಿಲ್ಲ. ಇದು ಹಳೇ ಗಾಯ.

ಮುಂದಿನ ಸಲ ಗ್ಯಾರೇಜಿನಲ್ಲಿ ಪ್ರೆಸ್ (ಬೇರಿಂಗ್ ಒತ್ತಿ ಕೂರಿಸುವ ಯಂತ್ರ) ಪಕ್ಕದಲ್ಲೇ ನಿಂತೆ. ಬೇರಿಂಗನ್ನು ನಕಲ್ ಒಳಗೆ ಒತ್ತುವಾಗ ಮೆಕ್ಯಾನಿಕ್ ಹೊರಗಿನ ರೇಸಿನ ಮೇಲೇ ಒತ್ತಿದ, ಅದು ಸರಿ. (ಅಕ್ಕ, ನಕಲ್ ಅಂದರೆ ನಕಲಿ ಅಲ್ಲ, ಚಕ್ರದ ಹಿಂದೆ ಇರುವ ದಪ್ಪ ಎರಕದ ತುಂಡು.) ಆಮೇಲೆ ನಕಲನ್ನು ಎರಡು ಕಬ್ಬಿಣದ ಪಟ್ಟಿ ಮೇಲಿಟ್ಟು, ಮೇಲಿಂದ ಹಬ್ ಒತ್ತೋಕೆ ಹೊರಟ. ಕೆಳಗೆ ಒಳಗಿನ ರೇಸಿಗೆ ಆಧಾರವೇ ಇಲ್ಲ. ಹಬ್ ಒಳ ರೇಸನ್ನು ತಳ್ಳುತ್ತದೆ, ಒಳ ರೇಸು ಗುಂಡುಗಳನ್ನು ತಳ್ಳುತ್ತದೆ, ಗುಂಡುಗಳು ಹೊರ ರೇಸಿಗೆ ಒತ್ತಿ ಕೂರುತ್ತವೆ. ಟನ್‌ಗಟ್ಟಲೆ ಒತ್ತಡ, ಅಷ್ಟೂ ಆ ಪುಟ್ಟ ಗುಂಡುಗಳ ಮೇಲೆ. ಕಾರು ಒಂದು ಅಡಿ ಓಡುವ ಮೊದಲೇ ಬೇರಿಂಗ್ ಸತ್ತಿರುತ್ತದೆ. ನಮಗೆ ಸದ್ದು ಕೇಳೋಕೆ ಕೆಲವು ಸಾವಿರ ಕಿಲೋಮೀಟರ್ ಬೇಕು, ಅಷ್ಟೇ. ಅವನನ್ನು ನಿಲ್ಲಿಸಿ, ಹಳೇ ಬೇರಿಂಗಿನ ಒಳ ರೇಸನ್ನೇ ಕೆಳಗೆ ಆಧಾರ ಕೊಡಿಸಿದೆ. ಕಾರು ಮಾರುವವರೆಗೂ ಅದು ಉಸಿರೆತ್ತಲಿಲ್ಲ. ಹಾಕಿದ್ದು ಅದೇ ಕಂಪನಿಯ ಬೇರಿಂಗ್.

ನಿಮ್ಮದರಲ್ಲೂ ಇದೇ ಅಂತ ಹೇಳೋಕಾಗಲ್ಲ. ತೆಗೆದದ್ದನ್ನು ನೋಡಿದರೆ ಗೊತ್ತಾಗುತ್ತದೆ. ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ ತುಕ್ಕು ಹಿಡಿದಿದ್ದರೆ ಸೀಲಿನಿಂದ ನೀರು ಹೋಗಿದೆ. ಉಕ್ಕು ನೀಲಿಗಟ್ಟಿದ್ದರೆ ಬಿಸಿ ತಿಂದಿದೆ, ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಹಿಡಿದುಕೊಂಡಿರಬಹುದು, ಅದನ್ನೂ ನೋಡಿಸಿ. ಹೊರ ರೇಸಿನ ಹೊರಮೈ ಉಜ್ಜಿ ಪಳಪಳ ಅನ್ನುತ್ತಿದ್ದರೆ ಅದು ನಕಲ್ ಒಳಗೇ ಸುತ್ತುತ್ತಿತ್ತು. ಅಂದರೆ ತೂತು ಸವೆದು ದೊಡ್ಡದಾಗಿದೆ, ಇನ್ನು ಹತ್ತು ಬೇರಿಂಗ್ ಹಾಕಿದರೂ ಅಷ್ಟೇ, ನಕಲ್ಲೇ ಬದಲಿಸಬೇಕು. ಗುಂಡಿನ ದಾರಿ ಒಂದೇ ಕಡೆಗೆ ಓರೆಯಾಗಿ ಸವೆದಿದ್ದರೆ ನಕಲ್ ಬಾಗಿದೆ, ಇಲ್ಲ ಬೇರಿಂಗ್ ಸೊಟ್ಟ ಕೂತಿದೆ. ನೀವು ಆವತ್ತು ಆ ಚಕ್ರವನ್ನೇ ಅಲ್ವಾ ರಸ್ತೆ ಗುಂಡಿಗೆ ಇಳಿಸಿ ರಿಮ್ ಬಾಗಿಸಿಕೊಂಡಿದ್ದು? ಅದಕ್ಕೇ ನನಗೆ ಅನುಮಾನ.

ಹಬ್ ಕೂಡ ನೋಡಿ. ಅದಕ್ಕೆ ಕಚ್ಚಿಕೊಂಡ ಹಳೇ ರೇಸನ್ನು ಗ್ರೈಂಡರ್‌ನಿಂದ ಕತ್ತರಿಸಿ ತೆಗೆಯುತ್ತಾರೆ. ಬ್ಲೇಡ್ ಸ್ವಲ್ಪ ಆಳ ಹೋದರೆ ಹಬ್‌ಗೂ ಗೆರೆ ಬೀಳುತ್ತದೆ. ಮೂರು ಸಲ ಕತ್ತರಿಸಿದ ಹಬ್ ಆದರೆ ನಾನು ಯೋಚನೆಯನ್ನೇ ಮಾಡಲ್ಲ, ಹೊಸದು ಹಾಕಿಸುತ್ತೇನೆ.

ಇನ್ನು ಆಕ್ಸಲ್ ನಟ್, ಹಬ್ ನಡುವೆ ಬಿಗಿಯುವ ದೊಡ್ಡ ನಟ್. ಇದನ್ನು ಯಾರೂ ಲೆಕ್ಕಕ್ಕೇ ಇಡಲ್ಲ. ಆ ಎರಡು ತುಂಡಿನ ಒಳ ರೇಸನ್ನು ಒಟ್ಟಿಗೆ ಬಿಗಿದು ಹಿಡಿಯೋದು ಅದೇ ನಟ್. ಸಡಿಲ ಇದ್ದರೆ ತುಂಡುಗಳು ಬಿಡಿಸಿಕೊಂಡು ಗುಂಡುಗಳು ದಾರಿ ತಪ್ಪುತ್ತವೆ. ನಟ್ ಬಿಗಿಯುವ ಗನ್ ಇಟ್ಟು ಗರ್ ಅನ್ನಿಸಿ ಬಿಟ್ಟರೆ ಎಷ್ಟು ಬಿಗಿಯಾಯಿತು ಅಂತ ದೇವರಿಗೇ ಗೊತ್ತು. ಕಾರಿನಿಂದ ಕಾರಿಗೆ ಲೆಕ್ಕ ಬೇರೆ. ಕೆಲವಕ್ಕೆ 180 ನ್ಯೂಟನ್ ಮೀಟರ್, ಕೆಲವಕ್ಕೆ 250ಕ್ಕೂ ಜಾಸ್ತಿ. ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುವಷ್ಟೇ, ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲೇ, ಹೊಸ ನಟ್ ಹಾಕಿಯೇ ಬಿಗಿಸಿ. ಕಾರು ಜ್ಯಾಕ್ ಮೇಲೆ ಇರುವಾಗಲೇ ಒಬ್ಬರು ಬ್ರೇಕ್ ಒತ್ತಿ ಹಿಡಿದರೆ ಆಯಿತು. ನಟ್ ಬಿಗಿಯುವ ಮೊದಲು ಚಕ್ರ ನೆಲಕ್ಕಿಟ್ಟು ಭಾರ ಹಾಕಿದರೆ ಬೇರಿಂಗ್ ಅಲ್ಲೇ ಪೆಟ್ಟು ತಿನ್ನುತ್ತದೆ.

ನಿಮ್ಮ ಕಾರಿನದು ಬೇರಿಂಗ್ ಸೇರಿಯೇ ಬರುವ, ಬೋಲ್ಟ್ ಹಾಕುವ ಹಬ್ ಆಗಿದ್ದರೆ ಪ್ರೆಸ್ ಕತೆ ಇಲ್ಲ. ಆಗ ನಟ್ ಮತ್ತು ಹಬ್ ಕೂರುವ ಮುಖದ ತುಕ್ಕು, ಕೊಳೆ ನೋಡಿ.

ಆಮೇಲೆ ಆ ವೀಲ್ ಸ್ಪೇಸರ್, ಚಕ್ರ ಹೊರಗೆ ಚಾಚಲಿ ಅಂತ ಹಬ್ ಮತ್ತು ರಿಮ್ ನಡುವೆ ಹಾಕಿಸಿದ ಬಿಲ್ಲೆ. ಚಕ್ರ ಹೊರಗೆ ಬಂದಷ್ಟೂ ಬೇರಿಂಗಿಗೆ ಭಾರ. ಬಾಲ್ ಬೇರಿಂಗ್ ಲೆಕ್ಕದಲ್ಲಿ ಭಾರ ಎರಡು ಪಟ್ಟಾದರೆ ಆಯಸ್ಸು ಅರ್ಧ ಆಗಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಚೆನ್ನಾಗಿ ಕಾಣುತ್ತದೆ ಅಂತ ಹುಡುಗ ಹಾಕಿಸಿದ, ಗೊತ್ತು. ತೆಗೆಸಿಬಿಡಿ.

ಅಯ್ಯೋ, ಮೊದಲು ಹೇಳಬೇಕಾದದ್ದೇ ಮರೆತೆ. ಈ ಸಲದ ಸದ್ದು ನಿಜವಾಗಲೂ ಬೇರಿಂಗಿನದೇ ತಾನೇ? ಟೈರ್ ಏರುಪೇರಾಗಿ ಸವೆದರೂ ಥೇಟ್ ಹಾಗೇ ಕೂಗುತ್ತದೆ. ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗದಲ್ಲಿ ಮೆಲ್ಲಗೆ ಬಲಕ್ಕೆ ತಿರುಗಿಸಿ, ಭಾರ ಎಡಕ್ಕೆ ಬೀಳುತ್ತದೆ. ಸದ್ದು ಏರಿದರೆ, ಎಡಕ್ಕೆ ತಿರುಗಿಸಿದಾಗ ಇಳಿದರೆ, ಎಡ ಬೇರಿಂಗೇ. ಎರಡೂ ಕಡೆ ಒಂದೇ ಥರ ಇದ್ದರೆ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ನೋಡಿ. ಸದ್ದೂ ಜಾಗ ಬದಲಿಸಿದರೆ ಟೈರಿನದೇ. ಇನ್ನೊಂದು, ಜ್ಯಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಕೈ ಇಟ್ಟು ಚಕ್ರ ಕೈಯಲ್ಲೇ ತಿರುಗಿಸಿ. ಕೆಟ್ಟ ಬೇರಿಂಗ್ ಆದರೆ ಮರಳು ಅರೆದ ಹಾಗೆ ಬೆರಳಿಗೆ ಬರುತ್ತದೆ.

ಅಕ್ಕ, ಈ ವಾರ ಓಡಿಸಬಹುದಾ ಅಂತ ಕೇಳಿದ್ದೆಯಲ್ಲ. ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಕಟಕಟ ಅಂದರೆ, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ದೀಪ ಹತ್ತಿದರೆ, ಇಲ್ಲ ಬ್ರೇಕ್ ಪೆಡಲ್ ಮೊದಲಿಗಿಂತ ಆಳಕ್ಕೆ ಹೋದರೆ ಬೇಡವೇ ಬೇಡ, ಟೋ ಮಾಡಿಸಿ. ಬರೀ ಸಣ್ಣ ಸದ್ದಾದರೆ ನಿಧಾನಕ್ಕೆ ಗ್ಯಾರೇಜಿನವರೆಗೆ ಹೋಗಿ, ಊರಾಚೆಗೆ ಬೇಡ.

ಭಾವ, ಈ ಸಲ ತೆಗೆದ ಬೇರಿಂಗನ್ನು ಅವರು ಡಬ್ಬಿಗೆ ಎಸೆಯುವ ಮೊದಲು ಕೇಳಿ ಇಸ್ಕೊಳ್ಳಿ. ತೊಳೆದು, ಎರಡೂ ರೇಸು ಮತ್ತು ಹೊರಮೈ ಕಾಣುವ ಹಾಗೆ ಫೋಟೋ ತೆಗೆದು ಇಲ್ಲೇ ಹಾಕಿ. ಅದನ್ನು ನೋಡಿ ಆಮೇಲೆ ಕಂಪನಿ ಮಾತಾಡೋಣ.