ಸರ್ವರ ಕೋಡು ನಮ್ಮ ಸರ್ವರಿನಲ್ಲಿ

ಸೀನ: ಒಂದು ಸಿಂಪಲ್ ಪ್ರಶ್ನೆ. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರು. ರಿಯಾಯಿತಿ ಲೆಕ್ಕಾನ ಅಂಗಡಿಯವರೇ ನಾಲ್ಕು ಸಾಲು ಜಾವಾಸ್ಕ್ರಿಪ್ಟಲ್ಲಿ ಬರೀತಾರೆ, ಅದು ನಮ್ಮ ನೋಡ್ ಸರ್ವರಲ್ಲಿ (Node.js, ಜಾವಾಸ್ಕ್ರಿಪ್ಟನ್ನ ಸರ್ವರಲ್ಲಿ ಓಡಿಸೋ ಸಾಫ್ಟ್‌ವೇರು) ಓಡಬೇಕು. ನೋಡಲ್ಲೇ ಕೋಡನ್ನ ಬೇರೆ ಕೋಣೇಲಿಟ್ಟು ಓಡಿಸೋ ‘ವಿಎಂ’ ಅಂತ ಮಾಡ್ಯೂಲ್ ಇದೆಯಲ್ಲ, ಅದರೊಳಗೆ ತಳ್ಳಿದ್ರೆ ಕಥೆ ಮುಗೀತಲ್ವಾ?

ಶೆಟ್ರು: ಮುಗೀತದೆ ಮಾರಾಯ, ಕಥೆ ಅಲ್ಲ, ಸರ್ವರು. ಇದು ಭದ್ರತೆಗೆ ಇರೋದಲ್ಲ, ನಂಬಿಕೆ ಇಲ್ಲದ ಕೋಡು ಇದ್ರಲ್ಲಿ ಓಡಿಸ್ಬೇಡಿ ಅಂತ ಅದರ ಡಾಕ್ಯುಮೆಂಟೇಶನ್ನಿನ ಆರಂಭದಲ್ಲೇ ಬರೆದುಂಟು.

ಸೀನ: ಆರಂಭದಿಂದ ಓದೋರು ಯಾರು ಶೆಟ್ರೇ? ಉದಾಹರಣೆ ಇರೋ ಜಾಗಕ್ಕೆ ಹಾರೋದೇ. ಒಳಗಿನ ಕೋಡಿಗೆ ಸರ್ವರ್ ಪ್ರೋಗ್ರಾಮನ್ನೇ ಹಿಡಿಯೋ ‘ಪ್ರೊಸೆಸ್’ ಕಾಣಲ್ಲ, ಬೇರೆ ಮಾಡ್ಯೂಲ್ ತರೋ ‘ರಿಕ್ವೈರ್’ ಕಾಣಲ್ಲ. ಇನ್ನೇನು ಬೇಕು?

ಗಿರಿಜಾ: ಕಣ್ಣಿಗೆ ಕಾಣಲ್ಲ, ಕೈಗೆ ಸಿಗತ್ತೆ. ಬರ್ಕೋ. ದಿಸ್ ಡಾಟ್ ಕನ್‌ಸ್ಟ್ರಕ್ಟರ್ ಡಾಟ್ ಕನ್‌ಸ್ಟ್ರಕ್ಟರ್, ಬ್ರಾಕೆಟ್ಟಲ್ಲಿ ‘ರಿಟರ್ನ್ ಪ್ರೊಸೆಸ್’, ಕೊನೆಗೊಂದು ಖಾಲಿ ಬ್ರಾಕೆಟ್ಟು. ಅಷ್ಟೇ. ನೀನು ಒಳಗೆ ಕಳಿಸಿದ ಆಬ್ಜೆಕ್ಟ್ ಹುಟ್ಟಿದ್ದು ಹೊರಗೆ. ಅದರ ಅಪ್ಪ ಹೊರಗಿನ ‘ಆಬ್ಜೆಕ್ಟ್’, ಅಜ್ಜ ಹೊರಗಿನ ‘ಫಂಕ್ಷನ್’. ಅಜ್ಜನ ಕೈಗೆ ಒಂದು ಸ್ಟ್ರಿಂಗ್ ಕೊಟ್ರೆ ಅದನ್ನ ಹೊರಗಿನ ಲೋಕದಲ್ಲೇ ಓಡಿಸ್ತಾನೆ. ‘ಪ್ರೊಸೆಸ್’ ಸಿಕ್ತು ಅಂದ್ರೆ ನಿನ್ನ ಎನ್ವಿರಾನ್ಮೆಂಟಲ್ಲಿರೋ (ಸರ್ವರಿನ ಸೆಟ್ಟಿಂಗಲ್ಲಿರೋ) ಡೇಟಾಬೇಸ್ ಪಾಸ್‌ವರ್ಡು ಅಂಗಡಿಯವನ ಕೈಲಿ.

ಸೀನ: ಅಪ್ಪ ಅಜ್ಜ ಇಲ್ಲದ ಆಬ್ಜೆಕ್ಟ್ ಮಾಡಿ ಕಳಿಸ್ತೀನಿ. ಆಬ್ಜೆಕ್ಟ್ ಡಾಟ್ ಕ್ರಿಯೇಟ್, ಬ್ರಾಕೆಟ್ಟಲ್ಲಿ ನಲ್!

ಗಿರಿಜಾ: ಅದರಲ್ಲಿ ‘ಲಾಗ್’ ಅಂತ ಒಂದೇ ಒಂದು ಫಂಕ್ಷನ್ ಇಟ್ಟೆ ಅಂದ್ಕೋ. ಆ ಫಂಕ್ಷನ್ನಿಗೂ ಅಪ್ಪ ಇದಾನೆ. ಅನಾಥನ ಜೊತೆ ಅಜ್ಜನ ಮನೆ ವಿಳಾಸಾನೂ ಕಳಿಸಿದ ಹಾಗೆ.

ಶೆಟ್ರು: ಈ ಸಂದುಗೊಂದು ಮುಚ್ಚಲಿಕ್ಕೇ ಅಂತ ವಿಎಂ2 ಲೈಬ್ರರಿ ಇತ್ತು. ಒಂದು ತೂತು ಮುಚ್ಚಿದ್ರೆ ಇನ್ನೊಂದು. 2023ರ ಜುಲೈಯಲ್ಲಿ, ಇದನ್ನಿನ್ನು ಮುಂದುವರಿಸಲ್ಲ ಅಂತ ಅದನ್ನು ನಡೆಸುವವರೇ ಹೇಳಿದ್ರು. ಬೇರೆ ಹೀಪ್, ಅಂದ್ರೆ ಆ ಕೋಡಿಗೇ ಪ್ರತ್ಯೇಕ ಮೆಮೊರಿ, ಬೇಕಾದ್ರೆ ಐಸೋಲೇಟೆಡ್-ವಿಎಂ ಲೈಬ್ರರಿ ಉಂಟು. ಅದು ನೋಡಿನೊಳಗೆ ಜಾವಾಸ್ಕ್ರಿಪ್ಟ್ ಓಡಿಸೋ ವಿ8 ಇಂಜಿನ್ನಿನ ಪ್ರತ್ಯೇಕ ಐಸೋಲೇಟ್, ಅಂದ್ರೆ ಬೇರೆಯೇ ಒಂದು ಪ್ರತಿ. ಆಚೀಚೆ ಆಬ್ಜೆಕ್ಟ್ ಹಾಗೇ ದಾಟಲ್ಲ, ನಕಲು ಮಾಡಿ ಕಳಿಸ್ಬೇಕು.

ಗಿರಿಜಾ: ಬಿಲ್ಲನ್ನ ಜೇಸನ್ ಸ್ಟ್ರಿಂಗ್ (ಬರೀ ಅಕ್ಷರ ಸಾಲು) ಮಾಡಿ ಕಳಿಸು, ಉತ್ತರಾನೂ ಸ್ಟ್ರಿಂಗಾಗೇ ತಗೋ. ಟೈಮ್‌ಔಟ್ 50 ಮಿಲಿಸೆಕೆಂಡ್ ಇಡು, ರಿಯಾಯಿತಿ ಲೆಕ್ಕಕ್ಕೆ ಧಾರಾಳ ಆಯ್ತು. ಮೆಮೊರಿ ಮಿತಿ ತಾನಾಗೇ 128 ಎಂಬಿ ಇರತ್ತೆ. ಆದ್ರೆ ಅದು ಮದುವೆ ಊಟದ ಎಲೆ ಲೆಕ್ಕದ ಹಾಗೆ, ಹಟ ಹಿಡಿದವನು ಎರಡು ಮೂರು ಪಟ್ಟು ತಿಂದೇ ಏಳ್ತಾನೆ. ನೋಡ್ 20 ಅಥವಾ ಆಮೇಲಿನದಾದ್ರೆ ‘ನೋ-ನೋಡ್-ಸ್ನ್ಯಾಪ್‌ಶಾಟ್’ ಫ್ಲ್ಯಾಗ್ ಹಾಕೋದು ಮರೀಬೇಡ, ಇಲ್ಲಾಂದ್ರೆ ಕ್ರ್ಯಾಶು.

ಸೀನ: ಇಷ್ಟೆಲ್ಲ ರಗಳೆ ಯಾಕೆ? ನೋಡಲ್ಲೇ ಈಗ, ಕೋಡು ಏನೇನು ಮುಟ್ಟಬಹುದು ಅಂತ ಹೇಳೋ ಪರ್ಮಿಷನ್ ಫ್ಲ್ಯಾಗ್ ಬಂದಿದೆಯಂತೆ.

ಶೆಟ್ರು: 2023ರಲ್ಲಿ, ನೋಡ್ 20ರ ಜೊತೆ ಬಂತು. ಅದನ್ನ ಮಾಡಿದವರೇ ಸೀಟ್ ಬೆಲ್ಟ್ ಅಂತಾರೆ. ನಂಬಿದ ಕೋಡು ಅಪ್ಪಿತಪ್ಪಿ ಫೈಲ್ ಅಳಿಸದೆ ಇರ್ಲಿಕ್ಕೆ. ಕಾರೇ ಕದಿಯಲಿಕ್ಕೆ ಬಂದವನಿಗೆ ಸೀಟ್ ಬೆಲ್ಟ್ ಕಟ್ಟಿ ಎಂತ ಮಾಡ್ತೀ?

ಸೀನ: ಹಾಗಾದ್ರೆ ಡೀನೋ! ಅದೂ ನೋಡ್ ತರಾನೇ ಜಾವಾಸ್ಕ್ರಿಪ್ಟ್ ಓಡಿಸತ್ತೆ. ರಯಾನ್ ಡಾಲ್ ನೋಡ್ ಮಾಡಿ, ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟು, 2018ರಲ್ಲಿ ಡೀನೋ ತೋರಿಸಿದ್ರು. ಅದರಲ್ಲಿ ಕೇಳದೆ ಒಂದು ಫೈಲೂ ಮುಟ್ಟಲ್ಲ.

ಗಿರಿಜಾ: ಕೇಳತ್ತೆ, ಸರಿ. ಕೇಳಿದಾಗ ಏನು ಒತ್ತೀಯಾ?

ಸೀನ: ದೊಡ್ಡ ಎ.

ಗಿರಿಜಾ: ವೈ ಒತ್ತಿದ್ರೆ ಆ ಒಂದು ಫೈಲು. ದೊಡ್ಡ ಎ ಒತ್ತಿದ್ರೆ ಡಿಸ್ಕಲ್ಲಿರೋದೆಲ್ಲ ಓದಬಹುದು. ಕಮಾಂಡಲ್ಲೇ ಡ್ಯಾಶ್ ಎ ಹಾಕಿದ್ರಂತೂ ಬಾಗಿಲು, ಕಿಟಕಿ, ಹಿತ್ತಿಲು ಎಲ್ಲ ತೆಗೆದಿಟ್ಟು ಬೋರ್ಡಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಅಂತ ಬರೆದ ಹಾಗೆ. ಸರ್ವರಲ್ಲಿ ‘ನೋ-ಪ್ರಾಂಪ್ಟ್’ ಹಾಕು, ಪ್ರಶ್ನೆನೇ ಬರಲ್ಲ, ಪಟ್ಟಿಲಿ ಇಲ್ಲದ್ದು ನೇರ ಎರರು. ‘ಅಲೋ-ರೀಡ್’ಗೆ ಒಂದು ಫೋಲ್ಡರ್ ಹೆಸರು ಕೊಡು. ‘ಅಲೋ-ನೆಟ್’ಗೆ ಹೋಸ್ಟು, ಕೋಲನ್, ಪೋರ್ಟು ಪೂರ್ತಿ ಬರಿ.

ಸೀನ: ಹೋಸ್ಟು ಪೋರ್ಟು ಬರೀದೆ ‘ಅಲೋ-ನೆಟ್’ ಅಂತಷ್ಟೇ ಹಾಕಿದ್ರೆ ಏನಾಗತ್ತೆ? ಗೂಗಲ್ ನೋಡ್ತಾನೆ ಅಷ್ಟೇ ತಾನೆ?

ಶೆಟ್ರು: 169.254.169.254 ನೋಡ್ತಾನೆ. ಕ್ಲೌಡ್ ಯಂತ್ರದ ಒಳಗಿಂದ ಮೆಟಾಡೇಟಾ ಸಿಗೋ ವಿಳಾಸ ಅದು. ಬಿಗಿ ಮಾಡಿಲ್ಲದಿದ್ರೆ ಆ ಯಂತ್ರದ ತಾತ್ಕಾಲಿಕ ಕೀಲಿಗಳೂ ಅಲ್ಲೇ. ಇನ್ನೊಂದು, ಬೇರೆ ಪ್ರೋಗ್ರಾಂ ಓಡಿಸ್ಲಿಕ್ಕೆ ಬಿಡೋ ‘ಅಲೋ-ರನ್’ ಕೊಡ್ಲೇಬೇಡ. ಅದ್ರಿಂದ ಹುಟ್ಟಿದ ಪ್ರೊಸೆಸ್ಸಿಗೆ ಡೀನೋದ ಕಾವಲೇ ಇಲ್ಲ. ಬೇಲಿ ಹಾರೋದು ಬೇಡ, ಗೇಟಲ್ಲೇ ಕೈ ಬೀಸಿ ಹೋಗ್ತದೆ. ‘ಅಲೋ-ಎಫ್‌ಎಫ್‌ಐ’ (ಬೇರೆ ಭಾಷೆಯ ಲೈಬ್ರರಿ ನೇರ ಕರೀಲಿಕ್ಕೆ) ಕೂಡ ಅದೇ ಜಾತಿ.

ಗಿರಿಜಾ: ಅನುಮತಿ ಕೊಡೋದು ಇಡೀ ಪ್ರೊಸೆಸ್ಸಿಗೆ ಅನ್ನೋದೂ ನೆನಪಿರ್ಲಿ. ನಿನ್ನ ಕೋಡಿಗೆ ಅಂತ ಕೊಟ್ಟಿದ್ದು, ನೀನು ಎಳೆದು ತಂದ ನೂರಾ ಎಂಟು ಪ್ಯಾಕೇಜಿಗೂ ಸೇರತ್ತೆ. ವೈಲ್ ಟ್ರೂ, ಅಂದ್ರೆ ಮುಗಿಯದ ಸುತ್ತು, ಬರೆದವನನ್ನ ಇದ್ಯಾವುದೂ ತಡೆಯಲ್ಲ. ಸಿಪಿಯು ತಿನ್ನೋಕೆ ಯಾರ ಅನುಮತಿನೂ ಬೇಡ.

ಸೀನ: ತಿನ್ನೋನ ಬಾಯಿ ಕಟ್ಟೋದು ಹೇಗೆ ಮತ್ತೆ?

ಗಿರಿಜಾ: ಹೊರಗೊಂದು ಕಂಟೇನರು, ಅಂದ್ರೆ ಪ್ರೋಗ್ರಾಮನ್ನ ಬೇರೆ ಕೂರಿಸೋ ಪೆಟ್ಟಿಗೆ. ರೀಡ್-ಓನ್ಲಿ ಡಿಸ್ಕು, ರೂಟ್ ಅಲ್ಲದ ಯೂಸರು, ಕ್ಯಾಪ್-ಡ್ರಾಪ್ ಆಲ್ (ವಿಶೇಷ ಅಧಿಕಾರ ಎಲ್ಲ ಕಿತ್ಕೊಳ್ಳೋದು), ಮೆಮೊರಿ 256 ಎಂಬಿ, ಪಿಡ್ಸ್-ಲಿಮಿಟ್ (ಪ್ರೊಸೆಸ್ಸುಗಳ ಮಿತಿ) 64, ಅರ್ಧ ಸಿಪಿಯು, ನೆಟ್‌ವರ್ಕ್ ‘ನನ್’. ಬಿಲ್ಲು ಸ್ಟ್ಯಾಂಡರ್ಡ್ ಇನ್‌ಪುಟ್ಟಲ್ಲಿ ಹೋಗ್ಲಿ, ಉತ್ತರ ಔಟ್‌ಪುಟ್ಟಲ್ಲಿ ಬರ್ಲಿ, ಎರಡು ಸೆಕೆಂಡಲ್ಲಿ ಬರದಿದ್ರೆ ಹೊರಗಿಂದಾನೇ ಕೊಲ್ಲು.

ಶೆಟ್ರು: ಕಂಟೇನರಿಗೂ ಹೊರಗಿನ ಯಂತ್ರಕ್ಕೂ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಂದೇ, ಅದ್ರಲ್ಲಿ ತೂತಿದ್ರೆ ಹೊರಗೆ ಬರ್ಬಹುದು. ಯಾರ‍್ಯಾರೋ ಗೊತ್ತಿಲ್ಲದವರು ಕೋಡ್ ಹಾಕ್ತಾರಾದ್ರೆ ಕೆಳಗೆ, ಕರ್ನಲ್ಲಿಗೆ ಹೋಗೋ ಕರೆಗಳನ್ನ ನಡುವೆ ಹಿಡಿಯೋ ಜಿವೈಸರ್ ಇಡು, ಇಲ್ಲ ಫೈರ್‌ಕ್ರ್ಯಾಕರ್ ತರದ ಪುಟ್ಟ ವರ್ಚುಯಲ್ ಮೆಷಿನ್. ಕ್ಲೌಡ್‌ಫ್ಲೇರಿನವರು ವರ್ಕರ್ಸ್‌ನಲ್ಲಿ (ಗಿರಾಕಿಗಳ ಕೋಡ್ ಓಡಿಸೋ ಸೇವೆ) ಐಸೋಲೇಟೇ ಬಳಸ್ತಾರೆ, ಆದ್ರೆ ಸಮಯ ಅಳೆದು ಮೆಮೊರಿ ಕದಿಯೋ ಸ್ಪೆಕ್ಟರ್ ದಾಳಿಯ ಹೆದರಿಕೆಗೆ ಗಡಿಯಾರವನ್ನೇ ನಿಲ್ಲಿಸಿಟ್ಟಿದ್ದಾರೆ. ಕೋಡ್ ಲೆಕ್ಕ ಮಾಡ್ತಾ ಇರುವಾಗ ಡೇಟ್ ಡಾಟ್ ನೌ (ಈಗಿನ ಸಮಯ) ಮುಂದೆ ಹೋಗೋದೇ ಇಲ್ಲ, ಹೊರಗಿಂದ ಏನಾದ್ರೂ ಬಂದ ಮೇಲೇ ಚಲಿಸೋದು. ಸಮಯ ಅಳೀಲಿಕ್ಕೆ ಆಗದಿದ್ರೆ ಪಕ್ಕದವನ ಮೆಮೊರಿ ಊಹಿಸೋದು ಕಷ್ಟ, ಅಲ್ವಾ?

ಸೀನ: ಸರ್ಕಾರಿ ಆಫೀಸಿನ ಗಡಿಯಾರದ ತರ. ಅಲ್ಲಾ, ಶೇಕಡಾ ಹತ್ತು ಬಿಡೋಕೆ ಇಷ್ಟು ಕೋಟೆ ಕೊತ್ತಲ ಬೇಕಾ? ಅಂಗಡಿಯವನಿಗೆ ‘ಎಷ್ಟು ಶೇಕಡಾ’ ಅಂತ ಒಂದು ಖಾಲಿ ಡಬ್ಬಿ ಕೊಟ್ರೆ?

ಗಿರಿಜಾ: ಕೊಡು. ಅದರಲ್ಲಿ ಬರೆದದ್ದನ್ನ, ಸ್ಟ್ರಿಂಗನ್ನೇ ಕೋಡಾಗಿ ಓಡಿಸೋ ‘ಇವ್ಯಾಲ್’ಗೆ ಹಾಕಲ್ಲ ಅಂತ ಮೊದಲು ಆಣೆ ಮಾಡು.

ಸೀನ: …‘10+5’ ಅಂತ ಬರೆದ್ರೆ ಕೂಡಿಸೋರು ಯಾರು ಮತ್ತೆ?

ಶೆಟ್ರು: ಗಿರಿಜಾ, ಆ ಕಂಟೇನರಿನ ಕಮಾಂಡ್ ಇವನಿಗೆ ಬರೆದೇ ಕೊಡು ಮಾರಾಯ್ತಿ.